ಮಹದೇವಮ್ಮನಿಗೆ ಶಾಲು ಹೊದಿಸಿದ ಮಳೆಗಾಲ

ಆಗ ನನಗೆ ಐವತ್ತೆಂಟು ವರ್ಷ. ಅದಾಗಿ ಈಗ ಐದಾರು ವರ್ಷ ಆಯ್ತು. ಮರೆತಿದ್ದೆ ಅಂತ ಸುಳ್ಳು ಹೇಳಲ್ಲ. ದಿನಾ ನೆನೆಸ್ಕೊಂಡು ಕೂರೋಕೆ ಪುರುಸೊತ್ತೂ ಇಲ್ಲ. ಮೊನ್ನೆ ಮಗಳ ಮನೆಗೆ ಅಂತ ಬೆಸಗರಹಳ್ಳಿಯಿಂದ ಮದ್ದೂರಿಗೆ ಬಂದು, ಅಲ್ಲಿ ಮಳವಳ್ಳಿ ಬಸ್ಸು ಹತ್ತಿ ಇಳಿದರೆ, ಬಸ್‌ಸ್ಟ್ಯಾಂಡಿನ ಚರಂಡಿ ಉದ್ದಕ್ಕೂ ಬ್ಲೀಚಿಂಗ್ ಪೌಡರು ಚೆಲ್ಲಿದ್ದರು. ಡೆಂಗ್ಯೂ ಬಂದದೆಯಂತೆ. ಬೆಳಗ್ಗೆ ಮಳೆ ಬಿದ್ದು ಪೌಡರು ನೆನೆದು ಮೂಗಿಗೆ ಹೊಡೀತಿತ್ತು. ಚೆಲ್ಲುತಿದ್ದ ಹೆಂಗಸಿನ ಕೈಗೆ ಏನೂ ಹಾಕಿರಲಿಲ್ಲ, ಕಾಲಲ್ಲಿ ಹವಾಯಿ ಚಪ್ಪಲಿ. ನಾನು ನಿಂತು ನೋಡಿದ್ದಕ್ಕೆ ಅವಳು, "ಏನವ್ವ, ಅಂಗ್ ನೋಡ್ತೀಯೆ?" ಅಂದಳು.

"ಏನಿಲ್ಲ ಬುಡು" ಅಂದೆ. ಮಗಳ ಮನೆ ಒಂದು ಕಡೆ, ನಾನು ಕೆಲಸಕ್ಕಿದ್ದ ಹಾಸ್ಟೆಲ್ಲು ಇನ್ನೊಂದು ಕಡೆ. ಕಾಲು ಹಾಸ್ಟೆಲ್ ಕಡೆಗೇ ಹೋಯ್ತು. ಗೇಟಿನ ಹತ್ತಿರ ಒಸಿ ಹೊತ್ತು ನಿಂತಿದ್ದೆ. ಗೋಡೆಗೆ ಹೊಸ ಬಣ್ಣ ಹೊಡೆದವ್ರೆ. ಮೇಲಿನ ಕಿಟಕಿಯಲ್ಲಿ ಹುಡುಗೀರ ಬಟ್ಟೆ ಒಣಗ್ತಿತ್ತು. ನನ್ನನ್ನ ಗುರುತಿಸೋರು ಯಾರೂ ಇರಲಿಲ್ಲ, ಅದೇ ಒಳ್ಳೇದಾಯ್ತು.

ಆ ಹಾಸ್ಟೆಲಲ್ಲಿ ನಾನು ಅಡಿಗೆಯೋಳಾಗಿದ್ದೆ. ಹಳ್ಳಿ ಕಡೆಯ ಹೆಣ್ಣುಮಕ್ಕಳು ಉಳ್ಕೊಂಡು ಓದೋ ಸರ್ಕಾರಿ ಹಾಸ್ಟೆಲ್ಲು ಅದು. ನಂದು ಕಾಯಂ ಕೆಲಸ. ಸೇರಿದಾಗ ಊರಲ್ಲಿ, ಗೌಡ್ರ ಮನೆ ಸೊಸೆ ಯಾರ್ಯಾರ ಮಕ್ಕಳಿಗೋ ರಾಗಿ ಇಟ್ಟು ತಿರುವೋಕೆ ಹೋದಳು ಅಂತ ಆಡ್ಕೊಂಡಿದ್ದರು. ಆಡ್ಕೊಂಡೋರ ಮೊಮ್ಮಕ್ಕಳೇ ಆಮೇಲೆ ನನ್ನ ಕೈಲಿ ಉಂಡ್ಕೊಂಡು ಓದಿದರು.

ಮಹದೇವಮ್ಮ ನನ್ನ ಸಹಾಯಕಿ. ತರಕಾರಿ ಹೆಚ್ಚೋದು, ಪಾತ್ರೆ ಉಜ್ಜೋದು, ಗುಡಿಸೋದು ಎಲ್ಲಾ ಅವಳದು. ನನಗಿಂತ ಹತ್ತು ವರ್ಷಕ್ಕೆ ಚಿಕ್ಕೋಳು. ಅವಳದು ಗುತ್ತಿಗೆ ಕೆಲಸ, ಏಜೆನ್ಸಿಯೋರು ಹಾಕಿದ್ದು. ಒಂದು ವಾರ ಮಲಗಿದರೆ ಇನ್ನೊಬ್ಬಳನ್ನ ತಂದು ನಿಲ್ಲಿಸ್ತಿದ್ದರು. ಹುಟ್ಟಿದ್ದು ಕೊಕ್ಕರೆ ಬೆಳ್ಳೂರಲ್ಲಿ, ಕೊಟ್ಟಿದ್ದು ಮಳವಳ್ಳಿ ಹತ್ತಿರದ ಒಂದು ಹಳ್ಳಿಯ ಕಾಲೋನಿಗೆ. ಕಾಲೋನಿಯೋರ ಮನೆ ನೀರನ್ನ ನಮ್ಮೂರಲ್ಲಿ ನಮ್ಮೋರು ಮುಟ್ಟಲ್ಲ. ಹಾಸ್ಟೆಲಲ್ಲಿ ನಮ್ಮಿಬ್ಬರಿಗೂ ಒಂದೇ ಎಲೆಯಡಿಕೆ ಚೀಲ, ಒಂದೇ ಸುಣ್ಣದ ಡಬ್ಬಿ. ಮಧ್ಯಾಹ್ನ ಪಾತ್ರೆ ಆದ ಮೇಲೆ ಹಿಂದಿನ ಮೆಟ್ಟಿಲ ಮೇಲೆ ಮೊಣಕಾಲಿಗೆ ಮೊಣಕಾಲು ತಗುಲಿಸಿ ಕುಂತ್ಕೊಂಡು ಒಂದೆಲೆ ಹರಿದು ಇಬ್ಬರೂ ಹಾಕ್ಕೊತಿದ್ವು. ಮೊದಮೊದಲು ಅವಳೇ ಹಿಂಜರೀತಿದ್ದಳು. "ತಗಳೆ, ಸುಣ್ಣುಕ್ಕೆ ಯಾವ್ ಜಾತಿ" ಅಂದಿದ್ದೆ. ಅಷ್ಟೇ. ಆಮೇಲೆ ಆ ಮಾತು ನಮ್ಮ ನಡುವೆ ಬಂದಿರಲಿಲ್ಲ.

ಅವಳಿಗೆ ಉಬ್ಬಸ ಇತ್ತು. ಒಗ್ಗರಣೆಗೆ ಮೆಣಸಿನಕಾಯಿ ಬಿದ್ದರೆ ಸಾಕು, ಹೊರಕ್ಕೆ ಓಡೋಳು. ಮಳೆಗಾಲದಲ್ಲಿ ಎದೆ ಒಳಗೆ ಪೀಪಿ ಊದಿದ ಹಂಗೆ ಸದ್ದು ಬರೋದು. ಬಾಯಿಗೆ ಒತ್ತಿ ಎಳ್ಕೊಳ್ಳೋ ಒಂದು ಪಂಪು ಇತ್ತು, ಅದು ಯಾವಾಗಲೂ ಸೊಂಟದಲ್ಲಿ.

ಕೊರೊನಾ ಬಂತು. ಹುಡುಗೀರನ್ನ ಊರಿಗೆ ಕಳಿಸಿದರು. ನಾವು ಪಾತ್ರೆ ಕವುಚಿ, ಇನ್ನೇನು ಮನೆಗೆ ಹೋಗ್ತೀವಿ ಅಂದ್ಕೊಂಡಿದ್ದಾಗ ವಾರ್ಡನ್ನು ಬಂದು, ಬೊಂಬಾಯಿಂದ ಊರಿಗೆ ವಾಪಸ್ ಬರ್ತಿರೋ ನಮ್ಮ ತಾಲೂಕಿನೋರನ್ನ ಇಲ್ಲೇ ಮೇಲಿನ ರೂಮುಗಳಲ್ಲಿ ಇಡ್ತಾರೆ, ಅಡಿಗೆ ನಡೀಬೇಕು ಅಂದ. ವಾರ್ಡನ್ನು ಮೈಸೂರು ಕಡೆಯೋನು, ಮಗನ ವಯಸ್ಸು. ಕೆಟ್ಟೋನಲ್ಲ. ಬಾಗಿಲ ಹೊರಗೇ ನಿಂತು ಹೇಳಿ ಹೋದ.

ಆರೋಗ್ಯ ಕೇಂದ್ರದ ನರ್ಸಮ್ಮ ಒಂದು ಸಲ ಬಂದು ನಮ್ಮನ್ನ ನೋಡಿದಳು. ಮಹದೇವಮ್ಮ ಉಸಿರು ಬಿಡೋದನ್ನ ಕೇಳಿ, "ಈಯಮ್ಮ ಮಾತ್ರ ಮೇಲಕ್ಕೆ ಹೋಗೋದು ಬೇಡ. ಇವಳಿಗೆ ಅಂಟಿದರೆ ಎದೆ ತಡ್ಕೊಳ್ಳಲ್ಲ" ಅಂತ ನನಗೆ ಹೇಳಿದಳು. ವಾರ್ಡನ್ನಿಗೂ ಹೇಳಿದಳು. ಅವನು ತಲೆ ಆಡಿಸಿದ. ರಜ ಕೊಟ್ಟರೆ ಏಜೆನ್ಸಿಯೋರು ಬೇರೆಯೋಳನ್ನ ಹಾಕ್ತಾರೆ ಅನ್ನೋದು ಅವನಿಗೂ ಗೊತ್ತು, ಅವಳಿಗೂ ಗೊತ್ತು.

ಅವತ್ತೇ ನಾನು ಅವಳಿಗೆ, "ಮೆಟ್ಲು ನಂದು, ಒಲೆ ನಿಂದು. ಮೆಟ್ಲು ಮೇಲೆ ಕಾಲಿಕ್ಕಿದ್ರೆ ಕಾಲು ಮುರೀತೀನಿ" ಅಂದೆ.

"ಮುರುದ್ರೆ ನೀನೇ ಉಣ್ಣಾಕ್ ಇಕ್ಕಿ ಸಾಕ್ಬೇಕಾಯ್ತದೆ ಕಣಕ್ಕ."

"ಈಗೇನು ಸಾಕ್ದಲೆ ಬುಟ್ಟಿದ್ದೀನಾ?"

ಆ ಬೇಸಿಗೆ ಅಂಗೆ ಶುರುವಾಯ್ತು. ಮೇಲೆ ಜನ ತುಂಬಿದರು. ಬೊಂಬಾಯಿ ಹೋಟ್ಲಲ್ಲಿ ಕೆಲಸ ಮಾಡ್ತಿದ್ದೋರು, ಟ್ಯಾಕ್ಸಿ ಓಡಿಸ್ತಿದ್ದೋರು, ಕೂಸು ಎತ್ಕೊಂಡ ಹೆಂಗಸರು. ನಮಗೆ ಕೊಟ್ಟಿದ್ದು ತಲೆಗೊಂದು ಬಟ್ಟೆ ಮಾಸ್ಕು, ಕೈಗೆ ಹಾಕ್ಕೊಳ್ಳೋ ತೆಳ್ಳನೆ ರಬ್ಬರ್ ಗ್ಲೌಸು, ಇಡೀ ಹಾಸ್ಟೆಲಿಗೊಂದು ಸ್ಯಾನಿಟೈಸರ್ ಬಾಟ್ಲಿ. ಗ್ಲೌಸು ಒಂದು ಸಲ ಹಾಕಿ ಬಿಸಾಕೋದಂತೆ. ಬಿಸಾಕಿದರೆ ನಾಳೆಗೇನು? ಸೋಪು ಹಾಕಿ ಒಗೆದು ತಂತಿ ಮೇಲೆ ಒಣಗಾಕ್ತಿದ್ವು. ಹಸುವಿನ ಕೆಚ್ಚಲ ಹಂಗೆ ನೇತಾಡ್ತಿದ್ವು ಅವು. ಗೇಟಲ್ಲಿ ಹೋಂಗಾರ್ಡು ಶಿವಣ್ಣ ಅಂತ ಇದ್ದ. ಅದನ್ನ ನೋಡಿ, "ಒಸಿ ಹಾಲು ಕರೀರವ್ವ, ಕಾಫಿ ಕುಡಿಯವ" ಅನ್ನೋನು. ಅವನಿಗೆ ಗ್ಲೌಸೂ ಇರಲಿಲ್ಲ, ಒಂದು ಕರ್ಚೀಪು ಮೂಗಿಗೆ ಕಟ್ಟಿಕೊಂಡಿದ್ದ. ಕಾಫಿಗೆ ಅಡಿಗೆಮನೆ ಒಳಕ್ಕೆ ನುಗ್ಗೋನು. ನಾನು ಸೌಟು ತೋರಿಸಿ ಹೊರಗೆ ನಿಲ್ಲಿಸ್ತಿದ್ದೆ.

ಊಟ ಪೊಟ್ಟಣ ಕಟ್ಟಿ ಬಾಗಿಲಲ್ಲಿ ಇಟ್ಟು ಬರಬೇಕು ಅಂದಿದ್ದರು. ಪೊಟ್ಟಣಕ್ಕೆ ಅನ್ನ ಕಟ್ಟಬಹುದು. ಇಟ್ಟಿನ ಮುದ್ದೆ ಕಟ್ಟಿದರೆ ಉಣ್ಣೋರ ಕೈಗೆ ಹೋಗೋ ಹೊತ್ತಿಗೆ ಕಲ್ಲಾಗಿರ್ತದೆ. ಬೊಂಬಾಯಲ್ಲಿ ವರ್ಷಗಟ್ಟಲೆ ಚಪಾತಿ ತಿಂದು ಬಂದ ಜನ, ಊರಿಗೆ ಬಂದೂ ಇಟ್ಟಿಲ್ವಾ ಅಂತ ಕೇಳಿದರು. ಅದಕ್ಕೆ ನಾನು ತಟ್ಟೆಯಲ್ಲೇ ಬಿಸಿ ಮುದ್ದೆ, ಉಪ್ಪೆಸರು ಹಾಕಿ, ನೆಲದ ಮೇಲೆ ಮಡಗಿ, ಒಂದು ಉದ್ದನೆ ಕೋಲಲ್ಲಿ ಬಾಗಿಲ ಒಳಕ್ಕೆ ತಳ್ಳುತಿದ್ದೆ. ಹೋಟ್ಲಿನ ಹುಡುಗ ಚಂದ್ರ ಅಂತ ಒಬ್ಬ ಬಾಯಿ ಜೋರಿನೋನು ಇದ್ದ.

"ಏನವ್ವ, ನಾಯಿಗ್ ಇಕ್ಕುದಂಗೆ ಇಕ್ತೀಯೆ?" ಅಂದ.

"ನಾಯಿಗಾದ್ರೆ ಅತ್ರುಕ್ ಬಂದು ಇಕ್ತಿದ್ದೆ ಕಣ್ಲಾ. ನೀನು ಮನ್ಸ, ಅದ್ಕೇ ದೂರ."

ಸಾಲು ರೂಮಿನೋರೆಲ್ಲ ನಕ್ಕರು. ಕೆಳಗೆ ಬಂದು ಹಿತ್ತಲ ನಲ್ಲಿಯಲ್ಲಿ ತಲೆಗೆ ನೀರು ಹುಯ್ಕೊಂಡು, ಸೀರೆ ನೆನೆಹಾಕಿ, ಬೇರೆ ಉಟ್ಟು, ಆಮೇಲೇ ಅಡಿಗೆಮನೆಗೆ ಕಾಲಿಕ್ಕುತಿದ್ದೆ. ದಿನಕ್ಕೆ ಎಷ್ಟು ಸಲವೋ. ಮರೆ ಇರಲಿಲ್ಲ, ಗಂಡಸರು ಓಡಾಡೋ ಜಾಗ. ಮಹದೇವಮ್ಮ ಹಳೇ ಕಂಬಳಿ ಅಡ್ಡ ಹಿಡಿಯೋಕೆ ಬರೋಳು. "ದೂರ ಓಗೇ" ಅಂತ ಅಟ್ಟುತಿದ್ದೆ.

ಒಂದು ದಿನ ಅವಳು ಸೊಪ್ಪು ಬಿಡಿಸ್ತಾ, ತಲೆ ಎತ್ತದೆ, "ಅಂಗ್ ತಟ್ಟೆ ತಳ್ಬ್ಯಾಡ ಕಣಕ್ಕ. ಆ ಸದ್ದು ಕೇಳುದ್ರೆ ನನ್ಗೆ ಒಂತರಾ ಆಯ್ತದೆ" ಅಂದಳು.

"ಏನಾಯ್ತದೆ?"

"ನಮ್ಮವ್ವಂಗೆ ಅಂಗೇ ಇಕ್ತಿದ್ರು."

ಹಂಗೆ ಇಕ್ಕಿದೋರು ನಮ್ಮೋರೇ. ಮಾರನೇ ದಿನವೂ ಕೋಲಲ್ಲೇ ತಳ್ಳಿದೆ. ಕಾಯಿಲೆಗೆ ಅವರವ್ವನ ಕತೆ ಗೊತ್ತಿಲ್ಲವಲ್ಲ.

ಆಮೇಲೆ ಮೇಲಿನ ರೂಮಿನ ಒಬ್ಬನಿಗೆ ಅಂಟಿದೆ ಅಂತ ಆಂಬುಲೆನ್ಸಲ್ಲಿ ಕರ್ಕೊಂಡು ಹೋದರು. ಅವನ ತಟ್ಟೆ ಎತ್ತಿದ್ದು ನಾನು. ಅವತ್ತಿಂದ ನನಗೆ ಭಯ ಹತ್ತಿತು. ನನಗಾಗೋದಕ್ಕಲ್ಲ. ನನ್ನಿಂದ ಅವಳಿಗೆ ಆಗೋದಕ್ಕೆ. ಅಂಗಡಿಯಿಂದ ಇನ್ನೊಂದು ಸುಣ್ಣದ ಡಬ್ಬಿ ತರಿಸಿದೆ. ಎಲೆಯಡಿಕೆ ಎರಡು ಪಾಲು ಮಾಡಿ, ಅವಳದನ್ನ ಅವಳ ಕಡೆ ಇಟ್ಟು, ನಾನು ನೀರಿನ ಪಂಪ್ ಮನೆ ಕಟ್ಟೆ ಮೇಲೆ ದೂರ ಹೋಗಿ ಕುಂತೆ.

ಅವಳು ಡಬ್ಬಿ ನೋಡಿದಳು, ನನ್ನ ನೋಡಿದಳು. "ಇದ್ಯಾಕಕ್ಕ?"

"ಇನ್ಮೇಕೆ ಇಂಗೇ. ನಿಂದು ನಿನ್ಗೆ, ನಂದು ನನ್ಗೆ."

"ಇಷ್ಟ್ ವರ್ಸ ಆದ್ಮೇಲಾ?"

"ಊಂ."

ನನಗೆ ಮಾತು ಬಿಡಿಸಿ ಹೇಳೋಕೆ ಬರಲ್ಲ. ಆ ನರ್ಸಮ್ಮ ಹೇಳಿದ್ದಳಲ್ಲ, ಇವಳಿಗೂ ಗೊತ್ತಲ್ಲ, ಅರ್ಥ ಆಗದೆ ಏನು ಅಂದ್ಕೊಂಡೆ. ಅವಳು ಎಲೆ ಮುಟ್ಟದೆ ಎದ್ದು ಪಾತ್ರೆ ಉಜ್ಜೋಕೆ ಹೋದಳು. ಉಜ್ಜಿದ್ದನ್ನೇ ಮತ್ತೆ ಉಜ್ಜಿದಳು. ಅವತ್ತಿಂದ ಮಾತು ಕಮ್ಮಿ ಆಯ್ತು. ಕೆಲಸದ ಮಾತು ಬಿಟ್ಟರೆ ಇಲ್ಲ. ಆಗಲಿ ಬಿಡು, ಮುನಿಸ್ಕೊಂಡರೂ ಬದುಕಿರ್ತಾಳೆ ಅಂತ ನಾನೂ ಬಿಟ್ಟೆ.

ಬದುಕಿದ್ದಳು. ಬೇಸಿಗೆ ಕಳೆದು ಮಳೆ ಹಿಡೀತು. ಬೊಂಬಾಯಿ ಜನ ಗುಂಪುಗುಂಪಾಗಿ ಊರಿಗೆ ಹೋದರು. ಚಂದ್ರ ಹೋಗೋವಾಗ ಗೇಟಿಂದಲೇ, "ಬತ್ತೀನಿ ಕಣವ್ವ, ನಮ್ ಮನೇಲಿ ಕೋಲಿಲ್ದೆ ಇಕ್ತಾರೆ" ಅಂತ ಕೂಗಿದ. ಮಹದೇವಮ್ಮ ಬಾಗಿಲಲ್ಲಿ ನಿಂತು, "ನಮ್ಮೂರ್ಗೆ ವರ್ಸ ವರ್ಸ ಕೊಕ್ಕರೆ ಎಲ್ಲೆಲ್ಲಿಂದ್ಲೋ ಬತ್ತವೆ, ಮರಿ ಮಾಡ್ಕಂಡ್ ಓಯ್ತವೆ. ಯಾರೂ ಕೂಡಾಕಲ್ಲ. ಮನ್ಸರ್ಗೇ ಈ ಪಾಡು" ಅಂದಳು. ನನಗೆ ಹೇಳಿದಳೋ, ಗಾಳಿಗೆ ಹೇಳಿದಳೋ. ನಾನು "ಊಂ" ಅಂದೆ. ಆ ಇಡೀ ಕಾಲ ನಮ್ಮ ಹಾಸ್ಟೆಲಿನ ಕೆಲಸದೋರು ಒಬ್ಬರಿಗೂ ಅಂಟಿರಲಿಲ್ಲ. ನಾನು ಗೆದ್ದೆ ಅಂತಲೇ ಲೆಕ್ಕ ಹಾಕಿದ್ದೆ.

ಆಗ ಬಂತು ಸನ್ಮಾನ.

ಊರಿನ ದೊಡ್ಡಮನುಷ್ಯರು ಕೆಲವರು ಸೇರಿ, ಕೊರೊನಾದಲ್ಲಿ ದುಡಿದೋರಿಗೆಲ್ಲ ಒಂದು ಕಲ್ಯಾಣ ಮಂಟಪದಲ್ಲಿ ಶಾಲು ಹೊದಿಸ್ತಾರೆ ಅಂತ ಆಯ್ತು. ಕಸ ಗುಡಿಸೋರು, ಆಶಾದೋರು, ಹೋಂಗಾರ್ಡು, ಅಡಿಗೆಯೋರು, ಆಫೀಸಿನ ಜವಾನರು. ನನ್ನ ಹೆಸರು ಬಂತು. ಅವಳ ಹೆಸರೂ ಬಂತು. ಗುತ್ತಿಗೆಯೋರನ್ನ ಸಂಬಳದ ದಿನ ಬಿಟ್ಟರೆ ಯಾರೂ ಹೆಸರಿಟ್ಟು ಕರೆದಿರಲಿಲ್ಲ. ವಾರ್ಡನ್ನು "ಮಹದೇವಮ್ಮೋರೆ, ನೀವೂ ಬರಬೇಕು" ಅಂದಾಗ ಅವಳ ಮುಖ ನೋಡಬೇಕಿತ್ತು. ಕೈಲಿದ್ದ ಸಬೀನದ ನೊರೆ ಹಂಗೇ ಇತ್ತು, ನಲ್ಲಿ ನೀರು ಸುಮ್ಮನೆ ಹರೀತಿತ್ತು.

ವಾರ್ಡನ್ನು ಹೋದ ಮೇಲೆ, "ನೀ ಬರ್ಬ್ಯಾಡ" ಅಂದೆ.

"ಯಾಕೆ?"

"ಜನ ಸೇರ್ತದೆ. ಮಳೆ ಬೇರೆ. ನಿನ್ನೆದೆ ಆಗ್ಲೇ ಕುಯ್ ಅಂತಾ ಅದೆ."

ಅವಳು ನಲ್ಲಿ ನಿಲ್ಲಿಸಿದಳು. ಅಷ್ಟು ದಿನ ಒಳಗೆ ಇಟ್ಟುಕೊಂಡಿದ್ದೆಲ್ಲ ಆಗ ಬಂತು. "ನನ್ ಜೊತೆ ಎಲೆ ಆಕ್ಕಳಕ್ ನಿನ್ಗೆ ಆಗ್ದಲೆ ಓಯ್ತು. ಸುಣ್ಣ ಬೇರೆ ಮಾಡ್ದೆ. ಕಾಯ್ಲೆ ನೆಪ. ನನ್ಗೇನ್ ತಿಳಿಯಾಕಿಲ್ವಾ? ಈಗ ಎಲ್ರು ಜೊತೆಲಿ ಸಮ್ಕೆ ಕುಂತ್ಕಂಡು ಶಾಲು ಒದ್ಸ್ಕಳೋದೂ ಬ್ಯಾಡ್ವಾ? ನಿನ್ಗೆ ಸಮ್ಕೆ ಕುಂತ್ಕತ್ತೀನಿ ಅಂತ್ಲಾ?"

ಬೇರೆ ಯಾರಾದರೂ ಹಂಗಂದಿದ್ದರೆ ಕಪಾಳಕ್ಕೆ ಬಿಡ್ತಿದ್ದೆ. ಅಂದಿದ್ದು ಇವಳು. ಇಲ್ಲ ಅಂದರೆ ಅವಳು ನಂಬಲ್ಲ. ಬರಬೇಡ ಅಂತ ಮತ್ತೆ ಅಂದರೆ ಅವಳಂದಿದ್ದು ನಿಜ ಆಗ್ತದೆ. "ಸರಿ, ಒಲ್ಡು ಓಗವ" ಅಂದೆ. ಅದೇ ನನ್ನ ಬಾಯಿಂದ ಬಂದಿದ್ದು.

ಮಹದೇವಮ್ಮ ತನ್ನ ಮಗಳದೊಂದು ಜರಿ ಸೀರೆ ಉಟ್ಕೊಂಡು, ತಲೆಗೆ ಕನಕಾಂಬರ ಮುಡ್ಕೊಂಡು ಬಂದಳು. ಮಂಟಪದ ತುಂಬ ಜನ. ಇರಚಲು ಬರ್ತದೆ ಅಂತ ಕಿಟಕಿ ಎಲ್ಲ ಮುಚ್ಚಿದ್ದರು. ಕುರ್ಚಿಗೆ ಕುರ್ಚಿ ತಗುಲಿಸಿ ಹಾಕಿದ್ದರು. ನಾವು ಒಳಕ್ಕೆ ಬರ್ತಿದ್ದ ಹಂಗೆ ಯಾರೋ ಹುಡುಗೀರು ತಟ್ಟೆಯಿಂದ ಹೂವಿನ ಎಸಳು ಎರಚಿದರು. ಮಹದೇವಮ್ಮ ತಲೆ ಬಗ್ಗಿಸ್ಕೊಂಡು ನಕ್ಕಳು. ನಾಟಕದಲ್ಲಿ ರಾಜ ಬರೋವಾಗ ಹೂವು ಹಾಕ್ತಾರಲ್ಲ, ಹಂಗೆ.

ಭಾಷಣ ಮಾಡಿದೋರು ನಮ್ಮನ್ನ ದೇವರು ಅಂದರು, ಸೈನಿಕರು ಅಂದರು. ಒಬ್ಬೊಬ್ಬರನ್ನೇ ಕರೆದು ಶಾಲು ಹೊದಿಸಿ, ಕೈಗೆ ಎಲೆ ಅಡಿಕೆ ಬಾಳೆಹಣ್ಣು ಇಟ್ಟ ತಟ್ಟೆ ಕೊಟ್ಟರು. ಫೋಟೋದೋನು, "ಮಾಸ್ಕ್ ತೆಗೀರಮ್ಮ, ಮುಖ ಕಾಣಲ್ಲ" ಅಂದ. ಎಲ್ಲರೂ ಗಲ್ಲದ ಕೆಳಕ್ಕೆ ಇಳಿಸಿದರು. ವೇದಿಕೆ ಮೇಲಿದ್ದ ದೊಡ್ಡೋರು ಒಬ್ಬರು ಮೈಕಲ್ಲಿ, "ನಿಮಗೆ ಏನು ಬೇಕು ಕೇಳಿ, ಸಂಕೋಚ ಬೇಡ" ಅಂದರು. ಅಷ್ಟು ಜನದಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಶಾಲು ಹೊದ್ದ ಹೆಗಲಲ್ಲಿ, ನಮಗೆ ಗ್ಲೌಸಿಲ್ಲ ಅಂತ ಹೇಳೋದು ಹೆಂಗೆ? ಮನೆಗೆ ಕರೆದು ಎಲೆ ಹಾಕಿದೋರ ಮುಂದೆ ಉಪ್ಪಿಲ್ಲ ಅಂದ ಹಂಗೆ ಆಗ್ತದೆ. ಕೊನೆಗೆ ಹೋಂಗಾರ್ಡು ಶಿವಣ್ಣ ಎದ್ದು ಕೈ ಮುಗಿದು, "ತಮ್ಮ ಆಶೀರ್ವಾದ ಸಾಕು ಬುದ್ಧಿ" ಅಂದ. ಚಪ್ಪಾಳೆ ಬಿತ್ತು.

ಎಲ್ಲರೂ ಒಟ್ಟಿಗೆ ಒಂದು ಫೋಟೋ ಅಂತ ನಿಲ್ಲಿಸಿದರು. ನಾನು ಒಸಿ ಸರಿದು ನಿಂತಿದ್ದೆ. ಮಹದೇವಮ್ಮ ನನ್ನ ತೋಳು ಹಿಡಿದು ಎಳ್ಕೊಂಡಳು. "ಇವತ್ತಾದ್ರೂ ಒತ್ಕಂಡು ನಿಂತ್ಕಳಕ್ಕ." ನಿಂತ್ಕೊಂಡೆ. ಅವಳ ಮೈ ಬೆಚ್ಚಗಿತ್ತು. ಆಮೇಲೆ ಕೇಸರಿಬಾತು, ಉಪ್ಪಿಟ್ಟು ಕೊಟ್ಟರು. ಪಕ್ಕದ ಕುರ್ಚಿಯಲ್ಲಿ ಯಾವುದೋ ಆಫೀಸಿನ ಜವಾನ ಒಬ್ಬ ಕೆಮ್ತಾನೇ ಇದ್ದ. "ಧೂಳು, ಧೂಳು" ಅಂತಿದ್ದ. ಮಳೆ ದಿನ, ಧೂಳೆಲ್ಲಿ ಬಂತು. ಇದೇ ಊರಿನೋನು, ಎಲ್ಲರೂ ದಿನಾ ನೋಡೋ ಮುಖ. ಬೊಂಬಾಯಿಯೋನು ಕೆಮ್ಮಿದ್ದರೆ ಮಂಟಪ ಅರ್ಧ ಖಾಲಿ ಆಗಿರ್ತಿತ್ತು. ಇವನು ಕೆಮ್ಮಿದ್ದಕ್ಕೆ ಯಾರೋ ಬೆನ್ನು ತಟ್ಟಿ ನೀರು ಕೊಟ್ಟರು.

ತಿಂಡಿ ಆದ ಮೇಲೆ ಮಹದೇವಮ್ಮ ಸನ್ಮಾನದ ತಟ್ಟೆಯಿಂದ ಒಂದೆಲೆ ತೆಗೆದು, ಹರಿದು, ಅರ್ಧ ನನ್ನ ಕೈಗೆ ಕೊಟ್ಟಳು. ನಾನು ಬಾಯಿಗೆ ಹಾಕ್ಕೊಂಡೆ. ಅವಳು ಅಗೀತಾ ನನ್ನ ಮುಖ ನೋಡ್ತಾ ಇದ್ದಳು. ವಾಪಸ್ ಬರೋವಾಗ ದಾರಿ ಉದ್ದಕ್ಕೂ ಮಾತು. ಎಷ್ಟೋ ದಿನದ ಮೇಲೆ ಅಷ್ಟು ಮಾತು. ಶಾಲು ನೆನೀತದೆ ಅಂತ ಮಡಿಸಿ ಸೆರಗಿನೊಳಗೆ ಇಟ್ಕೊಂಡು, ತಾನು ನೆಂದಳು.

ಮೊದಲು ಜ್ವರ ಬಂದಿದ್ದು ಶಿವಣ್ಣನಿಗೆ. ಆಮೇಲೆ ವಾರ್ಡನ್ನಿಗೆ. ಆಮೇಲೆ ಮಂಟಪಕ್ಕೆ ಬಂದಿದ್ದ ಆಶಾ ಹೆಂಗಸರು, ಪೌರಕಾರ್ಮಿಕರು ಒಬ್ಬೊಬ್ಬರೇ ಮಲಗಿದರು. ನನಗೂ ಬಂತು. ಮೈಕೈ ನೋವು, ಬಾಯಿಗೆ ರುಚಿ ಇಲ್ಲ, ಅಷ್ಟೇ. ನಮ್ಮ ಹಾಸ್ಟೆಲ್ಲೇ ಈಗ ಕಾಯಿಲೆಯೋರನ್ನ ಇಡೋ ಜಾಗ ಆಗಿತ್ತು. ನಾನು ತಟ್ಟೆ ತಳ್ಳುತಿದ್ದ ರೂಮಲ್ಲೇ ನನ್ನನ್ನ ಮಲಗಿಸಿದರು. ಊಟ ಹೋಟ್ಲಿಂದ ಬರ್ತಿತ್ತು. ಅನ್ನ, ನೀರಾದ ಸಾರು.

ಮಹದೇವಮ್ಮನನ್ನ ಮೇಲೆ ತರಲೇ ಇಲ್ಲ. ಅವಳಿಗೂ ಜ್ವರ ಬಂತು, ಶುರುವಿಂದಲೇ ಉಸಿರು ಕಷ್ಟ. ಮಂಡ್ಯದ ಆಸ್ಪತ್ರೆಗೆ ಅಂತ ಆಂಬುಲೆನ್ಸು ಬಂದು ಹಿತ್ತಲ ಬಾಗಿಲಲ್ಲಿ ನಿಂತಿತ್ತು. ನಾನು ಕಿಟಕಿ ಸರಳು ಹಿಡ್ಕೊಂಡು ನೋಡಿದೆ. ಒಂದು ಪ್ಲಾಸ್ಟಿಕ್ ಕವರಲ್ಲಿ ಬಟ್ಟೆ ಇಟ್ಕೊಂಡು, ಗೋಡೆ ಹಿಡ್ಕೊಂಡು ಬರ್ತಿದ್ದಳು.

"ಪಂಪು ತಗಂಡ್ಯಾ?" ಅಂತ ಕೂಗಿದೆ.

ಸೊಂಟ ತಟ್ಟಿ ತೋರಿಸಿದಳು. ನಿಂತು ಉಸಿರು ಎಳ್ಕೊಂಡು, "ನಿನ್ಗೆ ಇಟ್ಟು ಯಾರ್ ಆಕ್ತಾರೆ?" ಅಂದಳು.

"ಯಾರೋ ಆಕ್ತಾರೆ. ನೀ ಓಗು."

ಅವಳು ಮತ್ತೆ ಏನೋ ಅಂದಳು. ಗಾಡಿ ಸದ್ದಿಗೆ ಕೇಳಲಿಲ್ಲ. ಯಾರನ್ನಾದರೂ ಕಳಿಸೋವಾಗ ನಾವು ಓಗ್ಬಾ ಅಂತೀವಿ. ಬಾಗಿಲಿಗೆ ಬಂದ ಭಿಕ್ಷುಕನಿಗೂ ಓಗ್ಬಾಪ್ಪ ಅಂತೀವಿ. ನಾನು ಅವಳಿಗೆ ಓಗು ಅಂದೆ. ಅವಸರದಲ್ಲಿ ಬಂದ ಮಾತು. ಇಷ್ಟು ವರ್ಷ ಆದರೂ ಅದೊಂದು ಹೋಗ್ತಿಲ್ಲ.

ನನಗೆ ವಾಸಿ ಆಯ್ತು, ನಾಳೆಯಿಂದ ಅಡಿಗೆಮನೆಗೆ ಬರಬಹುದು ಅಂತ ಹೇಳಿದ ದಿನವೇ ಮಧ್ಯಾಹ್ನ ಶಿವಣ್ಣ ಫೋನು ಮಾಡಿದ. ಅವನೂ ಅಷ್ಟು ಹೊತ್ತಿಗೆ ಎದ್ದು ಓಡಾಡ್ತಿದ್ದ. "ಬೋರಕ್ಕ, ಮಾದೇವಮ್ಮ..." ಅಂದ. ನಾನೇ, "ಯಾವಾಗ?" ಅಂದೆ.

"ಬೆಳಿಗ್ಗೆ. ಮಂಡ್ಯದಲ್ಲೇ ಮಣ್ಣು ಮಾಡುದ್ರಂತೆ. ಊರ್ಗೆ ಕೊಡ್ಲಿಲ್ಲ."

ಅವಳ ಮಗ ಕಳಿಸಿದ ವಿಡಿಯೋನ ಅವನು ನನಗೆ ಕಳಿಸಿದ. ಮಗ ಬೇಲಿ ಆಚೆ ದೂರ ನಿಂತಿದ್ದ. ಇಳಿಸೋ ನಾಲ್ಕು ಜನ ತಲೆಯಿಂದ ಕಾಲಿನವರೆಗೆ ಬಿಳೀ ಡ್ರೆಸ್ಸು ಹಾಕಿದ್ದರು. ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಗ್ಲೌಸು, ಕಾಲಿಗೆ ಬೂಟು. ಆ ಡ್ರೆಸ್ಸನ್ನ ಅಷ್ಟು ಹತ್ತಿರದಿಂದ ನೋಡಿದ್ದು ನಾನು ಅದೇ ಮೊದಲು. ಅವಳು ಉಸಿರಾಡ್ತಿದ್ದಾಗ ಅವಳ ಸುತ್ತ ಅಂಥದ್ದು ಒಂದೂ ಇರಲಿಲ್ಲ. ನಾನು ಅಳಲಿಲ್ಲ. ಗೋಡೆ ನೋಡ್ಕೊಂಡು ಮಲಗಿದ್ದೆ. ಸುಣ್ಣ ಬೇರೆ ಮಾಡಿದ್ದು ಯಾಕೆ ಅಂತ ಒಂದು ಸಲ ಬಾಯಿಬಿಟ್ಟು ಹೇಳಿದ್ದರೆ ಅವಳು ಮಂಟಪಕ್ಕೆ ಬರೋದು ಬಿಡ್ತಿದ್ದಳಾ? ಬಿಡ್ತಿರಲಿಲ್ಲ ಅನ್ಸುತ್ತೆ. ಅವಳಿಗೆ ಆ ಶಾಲು ಬೇಕಿತ್ತು. ಬೇಕು ಅನ್ನೋದರಲ್ಲಿ ತಪ್ಪೇನು? ಆದರೂ ನಿಜ ಏನು ಅಂತ ಕೇಳಿಸ್ಕೊಂಡು ಬರೋದೇ ಬೇರೆ. ನನ್ನನ್ನ ತಪ್ಪು ತಿಳ್ಕೊಂಡು ಬಂದಿದ್ದೇ ಬೇರೆ.

ಮಾರನೇ ಬೆಳಿಗ್ಗೆ ಎದ್ದು, ನಲ್ಲಿಯಲ್ಲಿ ತಲೆಗೆ ಹುಯ್ಕೊಂಡು ಅಡಿಗೆಮನೆ ಬಾಗಿಲು ತೆಗೆದೆ. ಬಾಗಿಲ ಹತ್ತಿರ ಒಂದು ಹುಡುಗಿ ನಿಂತಿತ್ತು. ಇಪ್ಪತ್ತೈದೂ ಆಗಿರಲಿಲ್ಲ. ಮದುವೆಯಲ್ಲಿ ಕೊಟ್ಟ ಸೀರೆ ಇರಬೇಕು, ಹೊಸಾದು. ಬಟ್ಟೆ ಮಾಸ್ಕು ಗಲ್ಲದ ಕೆಳಗೆ.

"ಏಜೆನ್ಸಿಯಿಂದ ಕಳ್ಸುದ್ರು ಕಣಮ್ಮ. ಮಾದೇವಮ್ಮ ಅನ್ನೋರ್ ಜಾಗುಕ್ಕೆ."

"ಮನೇಲಿ ಯಾರವ್ರೆ?"

"ಕೂಸದೆ. ಅತ್ತೆ."

"ಅಲ್ಲೇ ನಿಂತ್ಕೊ. ಒಳಕ್ಕೆ ಬರ್ಬ್ಯಾಡ."

ಬಾಗಿಲು ಎಳೆದು, ಬೀಗ ಹಾಕಿ, ಕೀಲಿಕೈನ ಸೆರಗಿನ ತುದಿಗೆ ಗಂಟು ಹಾಕ್ಕೊಂಡೆ. ಬಾಗಿಲ ಮುಂದೆ ಕುಂತೆ. ಹೊತ್ತು ಏರಿತು. ವಾರ್ಡನ್ನು ಬಂದ. ಜ್ವರ ಬಿಟ್ಟು ಸೊರಗಿದ್ದ.

"ಇನ್ನೂ ಒಲೆ ಹಚ್ಚಿಲ್ವಾ ಬೋರಮ್ಮೋರೆ? ಮೇಲೆ ಎಲ್ಲಾ ತಿಂಡಿಗೆ ಕಾಯ್ತಾ ಇದ್ದಾರೆ."

"ಕಾಯ್ಲಿ."

"ಏನಾಯ್ತು?"

"ಈ ಹುಡ್ಗೀಗೆ ಕೊಡೋದ್ನ ಕೊಡಿ ಸ್ವಾಮಿ. ಮುಖುಕ್ಕೆ, ಕೈಗೆ, ಮೈಗೆ. ಒಗುದ್ ಒಣಗಾಕೋದಲ್ಲ, ದಿನಾ ಹೊಸಾದು. ಗೇಟಿನೋನ್ಗೂ ಕೊಡಿ. ನಲ್ಲಿ ತಾವ ಒಂದ್ ಮರೆ ಕಟ್ಸಿ, ಹೆಂಗುಸ್ರು ಮೈ ತೊಳ್ಕಳಕ್ಕೆ. ಕಾಫಿ ಅಂತ ಯ್ಯಾರೂ ಒಳಕ್ ಬರಂಗಿಲ್ಲ, ನೀವೂವೆ."

"ಅದನ್ನೆಲ್ಲ ನಾನೆಲ್ಲಿಂದ ತರ್ಲಿ? ಮೇಲಿನೋರನ್ನ ಕೇಳ್ಬೇಕು."

"ಕೇಳಿ. ಮೊನ್ನೆ ಏನ್ ಬೇಕು ಅಂತ ಕೇಳ್ನಿಲ್ವಾ ಮೈಕಲ್ಲಿ? ಇದು ಬೇಕು."

"ಹೊಟ್ಟೆಗೆ ಇಕ್ಕೋ ಕೆಲಸ ಇದು. ಕಾಯಿಲೆ ಜನ. ಶಾಪ ತಟ್ಟುತ್ತೆ."

"ತಟ್ಲಿ."

ಅವನು ಹುಡುಗಿಯನ್ನ ನೋಡಿದ, ನನ್ನ ಸೆರಗಿನ ಗಂಟು ನೋಡಿದ. ಮರದ ಕೆಳಕ್ಕೆ ಹೋಗಿ ಜೇಬಿಂದ ಫೋನು ತೆಗೆದ. ಮೇಲೆ ಯಾರೋ ತಟ್ಟೆ ಬಡಿಯೋಕೆ ಶುರು ಮಾಡಿದರು. ನಾನು ತಲೆ ಎತ್ತಲಿಲ್ಲ. ಹುಡುಗಿ ಹೆದರಿ, "ನಾ ಓಯ್ತೀನಿ ಕಣಮ್ಮ, ನನ್ನಿಂದ ಗಲಾಟೆ ಯಾಕೆ" ಅಂತು. "ಸುಮ್ಕಿರು" ಅಂದೆ.

ಬಿಸಿಲು ನಲ್ಲಿ ತಾವಕ್ಕೆ ಸರಿಯೋ ಮುಂಚೆ, ಒಂದು ಗಂಟೆಯೊಳಗೇ ಜೀಪು ಬಂತು. ಡ್ರೈವರು ರಟ್ಟಿನ ಡಬ್ಬ ಇಳಿಸಿ ಹೋದ. ವಾರ್ಡನ್ನು ಬಿಚ್ಚಿದ. ಬಿಳೀ ಡ್ರೆಸ್ಸು, ಮಾಸ್ಕು, ಗ್ಲೌಸು, ಎಲ್ಲಾ ಹೊಸಾದು, ಕವರು ಒಡೆದಿರಲಿಲ್ಲ. ಇಷ್ಟು ದಿನ ಇವೆಲ್ಲ ಎಲ್ಲಿದ್ದವೋ. ಅವನ ಕಣ್ಣು ಕೆಳಗಿತ್ತು.

ಒಂದು ಫೋನಿಗೆ ಬಂತು.

ಹುಡುಗಿಗೆ ದೂರ ನಿಂತು, ಮೊದಲು ಕೈ ತೊಳಿ, ಆಮೇಲೆ ಮಾಸ್ಕು, ಆಮೇಲೆ ಗ್ಲೌಸು ಅಂತ ಹೇಳಿಕೊಟ್ಟೆ. ಯಾಕೆ ದೂರ ನಿಂತು ಹೇಳ್ತಿದ್ದೀನಿ ಅನ್ನೋದನ್ನೂ ಬಾಯಿಬಿಟ್ಟು ಹೇಳಿದೆ. ಆಮೇಲೆ ಗಂಟು ಬಿಚ್ಚಿ ಬೀಗ ತೆಗೆದು, ಉಪ್ಪಿಟ್ಟಿಗೆ ನೀರಿಟ್ಟೆ.